ನೂರರಲ್ಲಿ ಹನ್ನೆರಡು: ನಮ್ಮ ಎಣ್ಣೆ ಬಾವಿಗಳ ಮುಂದಿನ ದಾರಿ

(ಹಾಸನದಲ್ಲಿ ಕಾಫಿ ಬೆಳೆಗಾರರು, ಬೋರ್‌ವೆಲ್ ಮತ್ತು ಪಂಪ್‌ಸೆಟ್ ಕೆಲಸದವರು, ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರ ಕೆಲವು ಪ್ರಶ್ನೆಗಳೂ ಕೊನೆಯಲ್ಲಿವೆ.)

ಫೆಬ್ರವರಿ ಮುಗಿಯುವ ಹೊತ್ತಿಗೆ ಸಕಲೇಶಪುರ, ಆಲೂರು, ಬೇಲೂರು ಕಡೆಯ ತೋಟಗಳಲ್ಲಿ ಕಾಫಿ ಹೂ ಅರಳಿಸಲು ಸ್ಪ್ರಿಂಕ್ಲರ್ ಪೈಪು ಜೋಡಿಸುತ್ತಾರೆ. ಬಂಕುಗಳಲ್ಲಿ ಡೀಸೆಲ್ ಕ್ಯಾನುಗಳು ಸಾಲು ನಿಲ್ಲುತ್ತವೆ. ಅಂಥ ಮೂವತ್ತೈದು ಲೀಟರಿನ ಒಂದು ಕ್ಯಾನ್ ತೆಗೆದುಕೊಳ್ಳಿ. ದೇಶದ ಸರಾಸರಿ ಲೆಕ್ಕ ಹಾಕಿದರೆ ಅದರಲ್ಲಿ ನಮ್ಮ ನೆಲದಡಿ, ನಮ್ಮ ಕಡಲಡಿ ಸಿಕ್ಕಿದ್ದು ನಾಲ್ಕು ಲೀಟರು. ಉಳಿದ ಮೂವತ್ತೊಂದು ಲೀಟರು ಹಡಗು ಹತ್ತಿ ಬಂದದ್ದು.

2024-25ರಲ್ಲಿ ಭಾರತ ಹೊರತೆಗೆದ ಕಚ್ಚಾ ಎಣ್ಣೆ ಸುಮಾರು 2.87 ಕೋಟಿ ಟನ್. ಅದೇ ವರ್ಷ ಪೆಟ್ರೋಲ್, ಡೀಸೆಲ್, ಅಡುಗೆ ಅನಿಲ, ಡಾಂಬರು ಎಲ್ಲ ಸೇರಿ ದೇಶ ಬಳಸಿದ್ದು ಸುಮಾರು 23.9 ಕೋಟಿ ಟನ್. ಆಮದಿನ ಅವಲಂಬನೆ ಶೇ. 88ರ ಆಸುಪಾಸು. ಟನ್ ಲೆಕ್ಕ ಕಣ್ಣಿಗೆ ಕಟ್ಟದವರು ಹೀಗೆ ಹಿಡಿಯಿರಿ: ಒಂದು ಟನ್ ಕಚ್ಚಾ ಎಣ್ಣೆಗೆ ಸುಮಾರು 7.33 ಬ್ಯಾರೆಲ್, ಒಂದು ಬ್ಯಾರೆಲ್‌ಗೆ 159 ಲೀಟರ್. ಆ ಪ್ರಕಾರ ನಮ್ಮ ಬಾವಿಗಳು ದಿನಕ್ಕೆ 5.75 ಲಕ್ಷ ಬ್ಯಾರೆಲ್ ಕೊಡುತ್ತಿವೆ. ನಾವು ದಿನಕ್ಕೆ ಖರ್ಚು ಮಾಡುತ್ತಿರುವುದು ಐವತ್ತು ಲಕ್ಷ ಬ್ಯಾರೆಲಿಗೂ ಮೇಲೆ.

ಯಾವಾಗಲೂ ಹೀಗೇ ಇರಲಿಲ್ಲ. 1980-81ರಲ್ಲಿ 1.05 ಕೋಟಿ ಟನ್ ಇದ್ದ ಉತ್ಪಾದನೆ, ಅರಬ್ಬಿ ಕಡಲಿನ ಎಣ್ಣೆ ಕ್ಷೇತ್ರ ಮುಂಬಯಿ ಹೈ ಕೈ ಹಿಡಿದಿದ್ದರಿಂದ, 1989-90ಕ್ಕೆ 3.4 ಕೋಟಿ ಟನ್ ಮುಟ್ಟಿತು. ಆ ದಶಕದ ನಡುವೆ ದೇಶಕ್ಕೆ ಬೇಕಾದ ಎಣ್ಣೆಯಲ್ಲಿ ಸುಮಾರು ಮೂರನೇ ಎರಡು ಭಾಗ ನಮ್ಮದೇ ಆಗಿತ್ತು. ಆಮೇಲೆ ರಾಜಸ್ಥಾನದ ಬಾವಿಗಳು ಸೇರಿ 2011-12ರಲ್ಲಿ 3.81 ಕೋಟಿ ಟನ್‌ಗೆ ಏರಿತು. ಅಲ್ಲಿಂದೀಚೆಗೆ ಕಾಲು ಭಾಗ ಕರಗಿದೆ. ಅದೇ ಅವಧಿಯಲ್ಲಿ ಬಳಕೆ 14.8 ಕೋಟಿ ಟನ್‌ನಿಂದ 23.9 ಕೋಟಿಗೆ ಹೋಗಿದೆ. ಶೇ. 77ರಷ್ಟಿದ್ದ ಅವಲಂಬನೆಯನ್ನು 2022ರೊಳಗೆ ಶೇ. 67ಕ್ಕೆ ಇಳಿಸುತ್ತೇವೆ ಎಂದು 2015ರಲ್ಲಿ ಕೇಂದ್ರ ಸರ್ಕಾರ ಗುರಿ ಇಟ್ಟುಕೊಂಡಿತ್ತು. ಹತ್ತು ಇಳಿಯಬೇಕಿದ್ದ ಕಡೆ ಹತ್ತು ಏರಿತು. ಯಾವ ಸರ್ಕಾರವನ್ನಾದರೂ ಬೈಯುವುದು ಸುಲಭ. ಯಾಕೆ ಹೀಗಾಯಿತು ಅಂತ ತಿಳಿಯಬೇಕಾದರೆ ಬಾವಿಯೊಳಗೆ ಇಳಿಯಬೇಕು.

ಅದಕ್ಕೂ ಮೊದಲು ಹಾಸನಕ್ಕೂ ಎಣ್ಣೆಗೂ ಏನು ಸಂಬಂಧ ಅನ್ನುವವರಿಗೆ ಒಂದು ಮಾತು. ಮಂಗಳೂರಿನ ಎಂಆರ್‌ಪಿಎಲ್ ಸಂಸ್ಕರಣಾಗಾರದಿಂದ ಹಾಸನದ ಮೇಲೆ ಹಾದು ಬೆಂಗಳೂರಿನ ದೇವನಗೊಂದಿಗೆ ಸುಮಾರು 360 ಕಿ.ಮೀ. ಉದ್ದದ ಕೊಳವೆ ಮಾರ್ಗ 2003ರಿಂದ ಕೆಲಸ ಮಾಡುತ್ತಿದೆ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಒಂದರ ಹಿಂದೆ ಒಂದು ಅದೇ ಕೊಳವೆಯಲ್ಲಿ ಬರುತ್ತವೆ. ನಡುವೆ ಮುಚ್ಚಳವಿಲ್ಲ, ಗೋಡೆಯಿಲ್ಲ. ರಭಸವಾಗಿ ಹರಿಯುತ್ತಿದ್ದರೆ ಎರಡು ಸರಕು ಸೇರುವ ಕಡೆ ಸ್ವಲ್ಪ ಮಾತ್ರ ಬೆರೆಯುತ್ತದೆ. ಸಾಂದ್ರತೆ ಅಳೆಯುತ್ತಾ ಕೂತಿದ್ದು, ಬೆರಕೆ ಬರುವ ಹೊತ್ತಿಗೆ ವಾಲ್ವ್ ತಿರುಗಿಸಿ ಅದನ್ನು ಬೇರೆ ಟ್ಯಾಂಕಿಗೆ ಹಾಕುತ್ತಾರೆ. ಹರಿವು ಮಧ್ಯೆ ನಿಂತರೆ, ಅದೂ ಘಾಟಿಯ ಏರಿನಲ್ಲಿ ನಿಂತರೆ, ಭಾರದ ಡೀಸೆಲ್ ಕೆಳಗೆ, ಹಗುರ ಪೆಟ್ರೋಲ್ ಮೇಲೆ ಎಂದು ಜಾಗ ಬದಲಿಸಿಕೊಂಡು ಬೆರಕೆ ಹೆಚ್ಚಾಗುತ್ತದೆ.

ಘಾಟಿ ಹತ್ತಿಸುವುದೂ ಸಣ್ಣ ಕೆಲಸವಲ್ಲ. ಹತ್ತು ಮೀಟರ್ ನೀರು ಎತ್ತಲು (ಚದರ ಸೆಂ.ಮೀ.ಗೆ) ಒಂದು ಕೆ.ಜಿ. ಪ್ರೆಷರ್ ಬೇಕು ಎಂಬುದು ನಿಮಗೆಲ್ಲ ಬಾಯಿಪಾಠ. ಹಾಸನ ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಮೇಲಿದೆ. ನೀರಾದರೆ ತೊಂಬತ್ತು ಕೆ.ಜಿ., ಡೀಸೆಲ್ ಹಗುರವಾದ್ದರಿಂದ ಎಪ್ಪತ್ತೈದು ಕೆ.ಜಿ. ಕೊಳವೆಯ ಉಜ್ಜಾಟಕ್ಕೆ ಬೇಕಾದ್ದು ಅದರ ಮೇಲೆ. ಅದಕ್ಕೇ ಘಾಟಿಯ ಬುಡದಲ್ಲಿ, ಬೆಳ್ತಂಗಡಿ ತಾಲ್ಲೂಕಿನ ನೆರಿಯದಲ್ಲಿ ಇನ್ನೊಂದು ಪಂಪಿಂಗ್ ಸ್ಟೇಷನ್ ಇಟ್ಟಿದ್ದಾರೆ.

ಇನ್ನು ಕಲ್ಲಿನ ವಿಷಯ. ನಮ್ಮ ಕಾಲ ಕೆಳಗೆ ಯಾಕೆ ಎಣ್ಣೆ ಇಲ್ಲ? ಗೊರೂರಿನ ಸುತ್ತಿನ, ನೈಸ್ ಎಂಬ ಪಟ್ಟೆಪಟ್ಟೆ ಕಲ್ಲಿಗೆ ಸುಮಾರು 330 ಕೋಟಿ ವರ್ಷ ವಯಸ್ಸು. ಭೂಮಿಯ ಮೇಲೆ ಸೂಕ್ಷ್ಮಜೀವಿ ಬಿಟ್ಟರೆ ಬೇರೇನೂ ಇಲ್ಲದ ಕಾಲದ್ದು. ಸಾಲದ್ದಕ್ಕೆ ಬೆಂದು, ಮಡಚಿ, ಮತ್ತೆ ಬೆಂದ ಕಲ್ಲು. ಎಣ್ಣೆ ಆಗಬೇಕಾದರೆ ಸತ್ತ ಪಾಚಿ, ಸಣ್ಣ ಜೀವಿಗಳು ಗಾಳಿಯಾಡದ ಕೆಸರಿನಲ್ಲಿ ಹೂತು, ಆ ಕೆಸರು ಎರಡರಿಂದ ನಾಲ್ಕು ಕಿ.ಮೀ. ಆಳಕ್ಕೆ ಇಳಿದು, 60ರಿಂದ 120 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಲಕ್ಷಾಂತರ ವರ್ಷ ಬೇಯಬೇಕು. ಕಾವು ಕಡಿಮೆಯಾದರೆ ಎಣ್ಣೆ ಬಿಡುವುದಿಲ್ಲ, ಹೆಚ್ಚಾದರೆ ಸೀದು ಅನಿಲವಾಗುತ್ತದೆ. ಹಾಗೆ ಬಿಟ್ಟ ಎಣ್ಣೆ ಮೇಲೇರುವಾಗ ರಂಧ್ರವಿರುವ ಮರಳುಗಲ್ಲೋ ಸುಣ್ಣಕಲ್ಲೋ ಸಿಗಬೇಕು, ಅದರ ತಲೆಯ ಮೇಲೆ ಎಣ್ಣೆ ಜಾರಿಹೋಗದಂತೆ ಜೇಡಿಕಲ್ಲಿನ ಮುಚ್ಚಳವಿರಬೇಕು. ಗುಜರಾತಿನ ಖಂಭಾತ್‌ನಲ್ಲೂ ಮುಂಬಯಿ ಕಡಲಿನಲ್ಲೂ ಎಣ್ಣೆಗೆ ತಾಯಿಯಾದ ಜೇಡಿಕಲ್ಲಿಗೆ ಐದಾರು ಕೋಟಿ ವರ್ಷ ಅಷ್ಟೆ. ನಮ್ಮ ಕಲ್ಲಿನ ಮುಂದೆ ಅದು ನಿನ್ನೆ ಮೊನ್ನೆಯ ಮಗು. ದೇಶದಲ್ಲಿ ಇಂಥ ಕೆಸರುಗಲ್ಲಿನ ಬೋಗುಣಿಗಳು (ಬೇಸಿನ್) 26 ಇವೆ, ನೆಲ ಕಡಲು ಸೇರಿ 33 ಲಕ್ಷ ಚದರ ಕಿ.ಮೀ.ಗೂ ಮೇಲೆ. ಅವುಗಳಲ್ಲಿ ಎಣ್ಣೆ, ಅನಿಲ ಕೊಟ್ಟು ಪಳಗಿದವು ಬೆರಳೆಣಿಕೆಯವು.

ಬೋರ್ ಗಾಡಿ ನೋಡಿದವರಿಗೆ ಎಣ್ಣೆ ಬಾವಿ ಅರ್ಥವಾಗುವುದು ಸುಲಭ. ಅರಸೀಕೆರೆ ಕಡೆ ಬೋರ್ ಹಾಕುವಾಗ ಮೇಲಿನ ಮಣ್ಣು ಕುಸಿಯದಿರಲಿ ಎಂದು ಕಲ್ಲು ಸಿಗುವ ತನಕ ಕೇಸಿಂಗ್ ಇಳಿಸುತ್ತಾರೆ. ಆಮೇಲೆ ಹ್ಯಾಮರ್, ಕಂಪ್ರೆಸರ್ ಗಾಳಿ. ಗಾಳಿಯೇ ಕಲ್ಲಿನ ಪುಡಿಯನ್ನು ಮೇಲೆ ತೂರುತ್ತದೆ. ಎಣ್ಣೆ ಬಾವಿಯಲ್ಲಿ ಗಾಳಿ ಇಲ್ಲ, ರಾಡಿ ಇದೆ. ಬೆಂಟೊನೈಟ್ ಮಣ್ಣು, ಭಾರಕ್ಕೆ ಬ್ಯಾರೈಟ್ ಪುಡಿ ಕಲಸಿದ ರಾಡಿಯನ್ನು ಪೈಪಿನೊಳಗಿಂದ ಇಳಿಸಿ ಹೊರಗಿನ ಸಂದಿನಿಂದ ಮೇಲೆ ತರುತ್ತಾರೆ. ಅದು ಪುಡಿ ಹೊತ್ತು ತರುತ್ತದೆ, ಕೊರೆಯುವ ಬಿಟ್ ತಣ್ಣಗಿಡುತ್ತದೆ. ಮುಖ್ಯ ಕೆಲಸ ಇನ್ನೊಂದು: ತನ್ನ ತೂಕದಿಂದ ತಳದ ಒತ್ತಡವನ್ನು ಅದುಮಿ ಹಿಡಿಯುವುದು. ಮೂರು ಕಿ.ಮೀ. ಆಳದ ಬಾವಿಯಲ್ಲಿ ನೀರಿಗಿಂತ 1.2 ಪಟ್ಟು ಭಾರದ ರಾಡಿ ತುಂಬಿದರೆ ತಳದಲ್ಲಿ 360 ಕೆ.ಜಿ. ಪ್ರೆಷರ್. ರಾಡಿ ಹಗುರವಾದರೆ ಎಣ್ಣೆಯೋ ಅನಿಲವೋ ಒಳನುಗ್ಗುತ್ತದೆ. ಭಾರವಾದರೆ ಕಲ್ಲೇ ಬಿರಿದು ರಾಡಿಯೆಲ್ಲ ಬಿರುಕಿಗೆ ಹೋಗಿ ಕೂರುತ್ತದೆ. ರಾಡಿ ಮಟ್ಟ ಇಳಿದ ಕೂಡಲೇ ಮೇಲಿನ ಭಾರವೂ ಇಳಿದು, ಎರಡನೆಯ ತಪ್ಪಿನಿಂದ ಮೊದಲನೆಯದು ಹುಟ್ಟುತ್ತದೆ. ಹಿಡಿತ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಸ್ಸಾಮಿನ ಬಾಗ್‌ಜಾನ್ ಇದೆ. 2020ರ ಮೇ 27ರಂದು ದುರಸ್ತಿ ನಡೆಯುತ್ತಿದ್ದ ಬಾವಿ ಚಿಮ್ಮಿತು, ಜೂನ್ 9ಕ್ಕೆ ಹೊತ್ತಿಕೊಂಡಿತು, ಪೂರ್ತಿ ತಣ್ಣಗಾಗಲು ನವೆಂಬರ್ ಮಧ್ಯದವರೆಗೆ ಹಿಡಿಯಿತು.

ಕೊರೆಯುವುದು ಒಂದು ಹಂತ. ದೇಶದ ಎಣ್ಣೆಯ ಭವಿಷ್ಯ ಇರುವುದು ಕೊರೆದ ಮೇಲಿನ ನಲವತ್ತು ವರ್ಷದಲ್ಲಿ.

ಜನ ತಪ್ಪು ತಿಳಿಯುವುದು ಇಲ್ಲೇ. ನೆಲದಡಿ ಎಣ್ಣೆಯ ಕೆರೆ ಇಲ್ಲ. ಸ್ಪಂಜಿನಲ್ಲಿ ನೀರಿದ್ದಂತೆ ಕಲ್ಲಿನ ರಂಧ್ರಗಳಲ್ಲಿ ಎಣ್ಣೆ ಇರುತ್ತದೆ, ಜೊತೆಗೆ ಕರಗಿದ ಅನಿಲ. ಮೊದಲು ಬಾವಿ ತೆರೆದಾಗ ಸೋಡಾ ಸೀಸೆ ತೆರೆದಂತೆ ತಾನೇ ನುಗ್ಗಿ ಬರುತ್ತದೆ. ಒತ್ತಡ ಇಳಿಯುತ್ತಾ ಹೋದಂತೆ ಅನಿಲ ಮಾತ್ರ ತಪ್ಪಿಸಿಕೊಂಡು ಎಣ್ಣೆ ಅಲ್ಲೇ ಅಂಟಿ ಉಳಿಯುತ್ತದೆ. ಹಾಗೇ ಬಿಟ್ಟರೆ ಅನೇಕ ಕಡೆ ನೂರರಲ್ಲಿ ಹತ್ತು ಹದಿನೈದು ಭಾಗವಷ್ಟೇ ಕೈಗೆ ಬರುತ್ತದೆ. ಆದ್ದರಿಂದ ಪಕ್ಕದ ಬಾವಿಯಿಂದ ನೀರು ನುಗ್ಗಿಸಿ ಎಣ್ಣೆಯನ್ನು ತಳ್ಳುತ್ತಾರೆ. ಇಷ್ಟೆಲ್ಲ ಮಾಡಿಯೂ ಒಳ್ಳೆಯ ಕಡೆ ಸಿಗುವುದು ಸುಮಾರು ಮೂರನೇ ಒಂದು ಭಾಗ. ಉಳಿದ ಎರಡು ಭಾಗ ಎಣ್ಣೆ ಕಲ್ಲಿನಲ್ಲೇ ಇದೆ. "ಎಣ್ಣೆ ಮುಗಿಯಿತು" ಎಂದು ಪತ್ರಿಕೆಯಲ್ಲಿ ಬಂದರೆ ಎಣ್ಣೆ ಮುಗಿದಿಲ್ಲ, ತೆಗೆಯುವ ಸುಲಭ ಮುಗಿದಿದೆ ಅಂತ ಓದಿಕೊಳ್ಳಿ.

ನೀರು ನುಗ್ಗಿಸುವುದು ಕೇಳಲು ಸರಳ. ಮುಂಬಯಿ ಹೈ ದಡದಿಂದ 160 ಕಿ.ಮೀ. ಒಳಗೆ, ಸುತ್ತ ಬೇಕಾದಷ್ಟು ಸಮುದ್ರದ ನೀರು. ಆದರೆ ಹಾಗೇ ಹಾಕುವಂತಿಲ್ಲ. ಮೊದಲು ಸೋಸಬೇಕು, ಇಲ್ಲದಿದ್ದರೆ ಕಲ್ಲಿನ ಸಣ್ಣ ರಂಧ್ರ ಕೆಸರಿನಿಂದ ಕಟ್ಟಿಕೊಳ್ಳುತ್ತದೆ. ನೀರಿನಲ್ಲಿ ಕರಗಿದ ಆಮ್ಲಜನಕ ತೆಗೆಯಬೇಕು, ಇಲ್ಲದಿದ್ದರೆ ಮೈಲುಗಟ್ಟಲೆ ಉಕ್ಕಿನ ಪೈಪು ತುಕ್ಕು. ಬ್ಯಾಕ್ಟೀರಿಯಾ ಕೊಲ್ಲಬೇಕು. ಅವು ಬದುಕಿ ಒಳಗೆ ಹೋದರೆ ಸಮುದ್ರದ ನೀರಿನ ಸಲ್ಫೇಟ್ ತಿಂದು ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ಅದು ವಿಷ, ಜೊತೆಗೆ ಉಕ್ಕು ಸೀಳುತ್ತದೆ. ಅದೇ ಸಲ್ಫೇಟ್ ಒಳಗಿನ ನೀರಿನಲ್ಲಿರುವ ಬೇರಿಯಂ ಜೊತೆ ಸೇರಿದರೆ, ನಮ್ಮ ಗೀಸರಿನಲ್ಲಿ ಗಡಸು ನೀರು ಕಟ್ಟುವ ಪೊರೆಯ ಹಾಗೆ, ಆದರೆ ಆಮ್ಲಕ್ಕೂ ಕರಗದ ಪೊರೆ ಪೈಪಿನೊಳಗೆ ಕಟ್ಟುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಒಂದು ದಿನ ನುಗ್ಗಿಸಿದ ನೀರು ಎಣ್ಣೆ ಬಾವಿಯ ಬಾಯಿಗೇ ಬಂದು ನಿಲ್ಲುತ್ತದೆ. ಬಾವಿಯಿಂದ ಬರುವ ನೂರು ಬ್ಯಾರೆಲ್‌ನಲ್ಲಿ 80 ನೀರು, 20 ಎಣ್ಣೆ ಇದೆ ಅನ್ನಿ. ನೀರು 80ರಿಂದ 90ಕ್ಕೆ ಹೋದರೆ ಕೇಳುವವರಿಗೆ ಹತ್ತೇ ಹೆಚ್ಚಾದಂತೆ ಅನಿಸುತ್ತದೆ. ಎಣ್ಣೆ ಮಾತ್ರ 20ರಿಂದ 10ಕ್ಕೆ, ಅರ್ಧಕ್ಕೆ ಬಿತ್ತು. ಮೊದಲಿನಷ್ಟೇ ಎಣ್ಣೆ ಬೇಕಾದರೆ ಎರಡರಷ್ಟು ದ್ರವ ಎತ್ತಬೇಕು, ಎರಡರಷ್ಟು ಕರೆಂಟು, ಎಣ್ಣೆ ನೀರು ಬೇರ್ಪಡಿಸುವ ಟ್ಯಾಂಕು ಎರಡರಷ್ಟು ದೊಡ್ಡದು. ಕಡಲ ನಡುವಿನ ವೇದಿಕೆಯಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು? ಹಳೆಯ ಬಾವಿ ಮುಚ್ಚುವುದು ಎಣ್ಣೆ ಇಲ್ಲದೆ ಅಲ್ಲ, ಬಹಳ ಸಲ ಈ ನೀರಿನ ಖರ್ಚು ತಾಳಲಾರದೆ.

ಮುಂಬಯಿ ಹೈನಲ್ಲಿ ಎಣ್ಣೆ ಸಿಕ್ಕಿದ್ದು 1974ರ ಫೆಬ್ರವರಿಯಲ್ಲಿ, 'ಸಾಗರ್ ಸಮ್ರಾಟ್' ಎಂಬ ರಿಗ್ಗಿನಿಂದ. ಉತ್ಪಾದನೆ ಶುರುವಾದದ್ದು 1976ರ ಮೇನಲ್ಲಿ. ಆಗಿನ ಕಾಲಕ್ಕೆ ಎರಡು ವರ್ಷ ಅಂದರೆ ಬೆರಗಿನ ವೇಗ. 1980ರ ದಶಕದ ಕೊನೆಗೆ ದಿನಕ್ಕೆ 4 ಲಕ್ಷ ಬ್ಯಾರೆಲಿಗೂ ಹೆಚ್ಚು ಬಂತು. ಈಗ 1.3 ಲಕ್ಷದ ಆಸುಪಾಸು. ಈ ಕುಸಿತ ನಿಲ್ಲಿಸಲು ಸರ್ಕಾರಿ ಎಣ್ಣೆ ಕಂಪನಿ ಒಎನ್‌ಜಿಸಿ 2025ರ ಜನವರಿಯಲ್ಲಿ ಬ್ರಿಟನ್ನಿನ ಬಿಪಿ ಕಂಪನಿಯನ್ನು ತಾಂತ್ರಿಕ ಸೇವೆಗೆ ಆರಿಸಿತು. ಹತ್ತು ವರ್ಷದ ಕರಾರು. ಎಣ್ಣೆ, ಅನಿಲ ಸೇರಿ ಉತ್ಪಾದನೆಯನ್ನು ಶೇ. 60ರವರೆಗೆ ಹೆಚ್ಚಿಸಬಹುದೆಂದು ಬಿಪಿ ಅಂದಾಜು ಮುಂದಿಟ್ಟಿದೆ. "ರವರೆಗೆ" ಎಂಬ ಪದವನ್ನು ಸೀರೆ ಅಂಗಡಿಯ ಬೋರ್ಡಿನಲ್ಲಿ ಓದುವಂತೆಯೇ ಓದಿ. ಹಾಗಂತ ತಳ್ಳಿಹಾಕುವುದೂ ತಪ್ಪು. ಯಾವ ಬಾವಿಗೆ ಎಷ್ಟು ನೀರು ಹೋಗುತ್ತಿದೆ, ಯಾವ ಪದರ ಬರಿ ನೀರು ಕುಡಿಯುತ್ತಿದೆ ಎಂದು ನೋಡಿ ಆ ಪದರಕ್ಕೆ ಸಿಮೆಂಟ್ ಮುಚ್ಚುವುದು, ಎಣ್ಣೆ ಮೇಲೆತ್ತಲು ಬಾವಿಯೊಳಗೆ ಬಿಡುವ ಅನಿಲದ ಪ್ರಮಾಣ ಸರಿಮಾಡುವುದು, ಹಳೆಯ ಬಾವಿಯ ಹೊಟ್ಟೆಯಿಂದಲೇ ಅಡ್ಡಕ್ಕೆ ಹೊಸ ಕವಲು ಕೊರೆಯುವುದು, ಇವೆಲ್ಲ ಸುದ್ದಿಯಾಗದ ಕೆಲಸ. ಬ್ಯಾರೆಲ್ ಬರುವುದು ಇಂಥದ್ದರಿಂದಲೇ.

ರಾಜಸ್ಥಾನದ ಕಥೆ ಬೇರೆ, ನನಗಂತೂ ತುಂಬ ಹಿಡಿಸುವ ಕಥೆ. ಬಾಡಮೇರಿನ ಮಂಗಳಾ ಕ್ಷೇತ್ರದಲ್ಲಿ 2004ರ ಜನವರಿಯಲ್ಲಿ ಎಣ್ಣೆ ಸಿಕ್ಕಿತು, 2009ರ ಆಗಸ್ಟ್ 29ರಿಂದ ಹರಿಯಿತು. ಧನುರ್ಮಾಸದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಸೀಸೆಯೊಳಗೆ ಗಟ್ಟಿಯಾಗುತ್ತದಲ್ಲ, ಮಂಗಳಾದ ಎಣ್ಣೆಗೆ ಅಷ್ಟು ಚಳಿಯೂ ಬೇಡ. ಅದರಲ್ಲಿ ಮೇಣ ಎಷ್ಟಿದೆಯೆಂದರೆ 40 ಡಿಗ್ರಿ ಚಿಲ್ಲರೆಗೇ ಹೆಪ್ಪುಗಟ್ಟುತ್ತದೆ. ಕಲ್ಲಿನೊಳಗೆ 65 ಡಿಗ್ರಿ ಇರುವ ತನಕ ದ್ರವ, ಹೊರಬಂದರೆ ಮುದ್ದೆ. ಅದಕ್ಕಾಗಿ ಗುಜರಾತಿನ ಕಡಲ ದಂಡೆಯ ಭೋಗತ್‌ವರೆಗೆ ಸುಮಾರು 670 ಕಿ.ಮೀ. ಉದ್ದಕ್ಕೂ ಬಿಸಿ ಮಾಡುವ ಕೊಳವೆ ಹಾಕಿದರು. ದಪ್ಪ ಪೈಪಿನ ಮೈಗೆ ತೆಳು ಪೈಪೊಂದನ್ನು ಬೆಸುಗೆ ಹಾಕಿ ಅದರೊಳಗೆ ವಿದ್ಯುತ್ ತಂತಿ ಎಳೆದು, ಸುತ್ತ ಫೋಮ್ ಹೊದಿಸಿದ್ದಾರೆ. ತಂತಿಯ ಕಾವು ಎಣ್ಣೆಯನ್ನು ಬೆಚ್ಚಗಿಡುತ್ತದೆ. ಕರೆಂಟು ಹೋಗಿ ಹರಿವೂ ನಿಂತು ಬಹಳ ಹೊತ್ತಾದರೆ ಒಳಗಿನದು ಹೆಪ್ಪಾಗುತ್ತದೆ. ಮತ್ತೆ ಚಾಲೂ ಮಾಡಲು ಬೇಕಾಗುವ ಒತ್ತಡ ಮಾಮೂಲಿಗಿಂತ ಎಷ್ಟೋ ಪಟ್ಟು.

ಆ ಎಣ್ಣೆ ಕಲ್ಲಿನೊಳಗೂ ನೀರಿಗಿಂತ ಹತ್ತಿಪ್ಪತ್ತು ಪಟ್ಟು ಮಂದ. ಮಂದ ಎಣ್ಣೆಯನ್ನು ತೆಳು ನೀರು ತಳ್ಳುವುದಿಲ್ಲ, ಸಂದಿ ಹುಡುಕಿ ನುಸುಳಿ ಮುಂದೆ ಹೋಗಿಬಿಡುತ್ತದೆ. ಆದ್ದರಿಂದ ನೀರನ್ನೇ ಮಂದ ಮಾಡಬೇಕು. ಲೀಟರಿಗೆ ಒಂದೆರಡು ಗ್ರಾಂ ಪಾಲಿಅಕ್ರಿಲಮೈಡ್ ಪುಡಿ ಹಾಕಿದರೆ ನೀರು ಗಂಜಿಯಂತಾಗುತ್ತದೆ. ಮಂಗಳಾದಲ್ಲಿ 2014-15ರ ಹೊತ್ತಿನಿಂದ ಇದನ್ನು ಇಡೀ ಕ್ಷೇತ್ರಕ್ಕೆ ಮಾಡುತ್ತಿದ್ದಾರೆ. ಮುದ್ದೆ ಮಾಡುವವರಿಗೆ ಇದರ ಕಷ್ಟ ಹೇಳಿಕೊಡಬೇಕಿಲ್ಲ. ಪುಡಿ ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ, ಹೊರಗೆ ಒದ್ದೆ, ಒಳಗೆ ಒಣ ಹಿಟ್ಟು. ಆ ಗಂಟು ಬಾವಿಗೆ ಹೋದರೆ ಕಲ್ಲಿನ ಬಾಯಿ ಮುಚ್ಚುತ್ತದೆ. ಹಾಗಾಗಿ ಪ್ರತಿ ಕಾಳೂ ಬೇರೆಬೇರೆಯಾಗಿ ನೆನೆಯುವಂತೆ ಉದುರಿಸಿ, ಟ್ಯಾಂಕಿನಲ್ಲಿ ಮೆಲ್ಲಗೆ ಕಲಕುತ್ತಾ ಪೂರ್ತಿ ಅರಳಲು ಬಿಡುತ್ತಾರೆ. ಅರಳಿದ ಮೇಲೆ ನಿಮ್ಮ ತೋಟದಲ್ಲಿರುವಂಥ ಸೆಂಟ್ರಿಫ್ಯೂಗಲ್ ಪಂಪಿಗೆ ಕೊಟ್ಟರೆ ಕೆಟ್ಟಿತು. ರೆಕ್ಕೆಯ ಹೊಡೆತಕ್ಕೆ ಉದ್ದನೆಯ ಅಣುಸರಪಳಿ ತುಂಡಾಗಿ ಗಂಜಿ ಮತ್ತೆ ನೀರಾಗುತ್ತದೆ. ಪಿಸ್ಟನ್ ಪಂಪೇ ಬೇಕು. ನೀರಿನಲ್ಲಿ ಉಪ್ಪು ಹೆಚ್ಚಿದ್ದರೆ ಸರಪಳಿ ಮುದುಡಿ, ಅದೇ ಮಂದಕ್ಕೆ ಪುಡಿ ಇನ್ನೂ ಹೆಚ್ಚು ಸುರಿಯಬೇಕು. ಇಷ್ಟು ಜಾಣತನ ಮಾಡಿಯೂ ಒಮ್ಮೆ ದಿನಕ್ಕೆ ಎರಡು ಲಕ್ಷ ಬ್ಯಾರೆಲ್ ಮುಟ್ಟಿದ್ದ ರಾಜಸ್ಥಾನ ಈಗ ಒಂದು ಲಕ್ಷದ ಕೆಳಗಿದೆ. ಜಾಣತನ ಇಲ್ಲದಿದ್ದರೆ ಇನ್ನೂ ಎಷ್ಟೋ ಕೆಳಗಿರುತ್ತಿತ್ತು.

ಗುಜರಾತಿನ ಮೆಹಸಾಣಾ ಬಳಿಯ ಬಲೋಲ್, ಸಂತಾಲ್‌ನಲ್ಲಿ ಎಣ್ಣೆ ಕಾಕಂಬಿಯಂತೆ ಮಂದ. ಅಲ್ಲಿ ಒಎನ್‌ಜಿಸಿ ಬಾವಿಗೆ ಗಾಳಿ ಹಾಕಿ ನೆಲದಡಿಯೇ ಸ್ವಲ್ಪ ಎಣ್ಣೆಗೆ ಬೆಂಕಿ ಕೊಡುತ್ತದೆ. ಆ ಕಾವಿಗೆ ಉಳಿದದ್ದು ತೆಳ್ಳಗಾಗಿ ಹರಿಯುತ್ತದೆ. ಸ್ವಲ್ಪ ಸುಟ್ಟು ಬಹಳ ತೆಗೆಯುವ ಲೆಕ್ಕ. 1990ರಿಂದ ಪ್ರಯೋಗ, 1997ರಿಂದ ದೊಡ್ಡ ಪ್ರಮಾಣದಲ್ಲಿ ನಡೆದಿದೆ.

ಈಗ ಈ ಉಪನ್ಯಾಸದ ಹೂರಣಕ್ಕೆ ಬರೋಣ. ಬೋರಿನಲ್ಲಿ ಮೊದಲ ವರ್ಷ ಮೂರಿಂಚು ನೀರು, ಮೂರನೇ ವರ್ಷ ಎರಡಿಂಚು, ಹೀಗೆ ಇಳಿಯುತ್ತದಲ್ಲ, ಎಣ್ಣೆ ಬಾವಿಯೂ ಇಳಿಯುತ್ತದೆ. ವ್ಯತ್ಯಾಸ ಏನೆಂದರೆ ಬೋರಿಗೆ ಒಳ್ಳೆಯ ಮಳೆಗಾಲ ಬಂದರೆ ಜೀವ ಬರುತ್ತದೆ, ಎಣ್ಣೆಗೆ ಮಳೆಗಾಲವಿಲ್ಲ. ಲೆಕ್ಕಕ್ಕೆ ದೇಶದ ಎಲ್ಲ ಹಳೆ ಬಾವಿಗಳೂ ವರ್ಷಕ್ಕೆ ಶೇ. 7 ಇಳಿಯುತ್ತವೆ ಎಂದಿಟ್ಟುಕೊಳ್ಳಿ. 2.87 ಕೋಟಿ ಟನ್‌ನಲ್ಲಿ ಶೇ. 7 ಅಂದರೆ 20 ಲಕ್ಷ ಟನ್, ದಿನಕ್ಕೆ 40 ಸಾವಿರ ಬ್ಯಾರೆಲ್. ಇಷ್ಟು ಹೊಸ ಎಣ್ಣೆ ಪ್ರತಿ ವರ್ಷ ಸೇರಿದರೆ ನಾವು ಇದ್ದಲ್ಲೇ ಇರುತ್ತೇವೆ. ಒಂದು ಹನಿಯೂ ಏರುವುದಿಲ್ಲ.

40 ಸಾವಿರ ಬ್ಯಾರೆಲ್ ಅಂದರೆ ಎಷ್ಟು ದೊಡ್ಡದು? ಕೃಷ್ಣಾ-ಗೋದಾವರಿ ಕಡಲಿನಲ್ಲಿ ಎಣ್ಣೆಗಾಗಿ ಗುರುತಿಸಿದ 98/2 ಎಂಬ ಬ್ಲಾಕನ್ನೇ ನೋಡಿ. ಕಾಕಿನಾಡದ ದಡದಿಂದ ಸುಮಾರು 35 ಕಿ.ಮೀ. ದೂರ, ಆಳ ಸಮುದ್ರ. ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2016ರಲ್ಲಿ, ವೆಚ್ಚದ ಅಂದಾಜು 500 ಕೋಟಿ ಡಾಲರ್. ಅಲ್ಲಿಯ ಎಣ್ಣೆಯೂ ಮೇಣದ್ದೇ, ಕಡಲ ತಳವೋ ತಣ್ಣಗೆ ಕೊರೆಯುತ್ತದೆ. ಪೈಪಿನೊಳಗೆ ಪೈಪಿಟ್ಟು, ನಡುವೆ ಶಾಖ ತಡೆಯುವ ಹೊದಿಕೆ ಕೊಟ್ಟು, ಮೇಲೆ ತೇಲುವ ಕಾರ್ಖಾನೆಯಂಥ ಹಡಗು ನಿಲ್ಲಿಸಿ ಎಣ್ಣೆ ತೆಗೆಯಬೇಕಾಯಿತು. ಮೊದಲ ಎಣ್ಣೆ ಬಂದದ್ದು 2024ರ ಜನವರಿ 7ಕ್ಕೆ. ಗರಿಷ್ಠ ಗುರಿ ದಿನಕ್ಕೆ 45 ಸಾವಿರ ಬ್ಯಾರೆಲ್. ಅಂದರೆ ಎಂಟು ವರ್ಷ ದುಡಿದು, 500 ಕೋಟಿ ಡಾಲರ್ ಸುರಿದು ತಂದದ್ದು ಉಳಿದ ಬಾವಿಗಳ ಒಂದು ವರ್ಷದ ಇಳಿಕೆಗೆ ಸಮ. ಇದು ಬರೀ ಕಾಗದದ ಲೆಕ್ಕವಲ್ಲ. ಆ ಎಣ್ಣೆ ಸೇರಿದ ಮೇಲೂ ದೇಶದ ಒಟ್ಟು ಉತ್ಪಾದನೆ 2023-24ರ 2.94 ಕೋಟಿ ಟನ್‌ನಿಂದ 2024-25ರಲ್ಲಿ 2.87 ಕೋಟಿಗೆ ಇಳಿಯಿತು.

ಹೊಸ ನೆಲದ ಆಸೆ ಇಲ್ಲವೇ? ಇದೆ. 2016ರ ಹೊಸ ನೀತಿಯಿಂದ ಕಂಪನಿಗಳು ತಮಗೆ ಬೇಕಾದ ಜಾಗವನ್ನು ತಾವೇ ಗುರುತಿಸಿ ಕೇಳಬಹುದು. 2022ರಲ್ಲಿ ರಕ್ಷಣೆ, ಬಾಹ್ಯಾಕಾಶದ ಕಾರಣಕ್ಕೆ ಮುಚ್ಚಿದ್ದ ಸುಮಾರು 10 ಲಕ್ಷ ಚದರ ಕಿ.ಮೀ. ಕಡಲನ್ನು ತೆರೆದರು. 2025ರಲ್ಲಿ ತೈಲಕ್ಷೇತ್ರ ಕಾಯ್ದೆ ತಿದ್ದುಪಡಿಯಾಯಿತು. ಅಂಡಮಾನಿನ ಪೂರ್ವ ಕಡಲಿನಲ್ಲಿ ಸರ್ಕಾರಿ ಕಂಪನಿ ಆಯಿಲ್ ಇಂಡಿಯಾ ಕೊರೆದ ಶ್ರೀ ವಿಜಯಪುರಂ-2 ಬಾವಿಯಲ್ಲಿ 2025ರ ಸೆಪ್ಟೆಂಬರಿನಲ್ಲಿ ಅನಿಲ ಕಾಣಿಸಿತು. ಅನಿಲ, ಎಣ್ಣೆಯಲ್ಲ ಎಂಬುದನ್ನು ಸುದ್ದಿ ಓದುವಾಗ ಮರೆಯಬಾರದು. ಒಂದು ಬಾವಿಯಲ್ಲಿ ಕಂಡ ಮೇಲೆ ಸುತ್ತ ಇನ್ನಷ್ಟು ಕೊರೆದು ಎಷ್ಟಿದೆ ಎಂದು ಅಳೆಯಬೇಕು, ತೆಗೆಯುವ ಯೋಜನೆ ಬರೆಯಬೇಕು, ಒಪ್ಪಿಗೆ, ಹಣ, ಪೈಪು, ವೇದಿಕೆ. ಇವತ್ತು ಆಳ ಕಡಲಿನಲ್ಲಿ ಎಣ್ಣೆ ಸಿಕ್ಕರೂ ಬ್ಯಾರೆಲ್ ಕಾಣುವುದು ಏಳೆಂಟು ವರ್ಷದ ಮೇಲೆ. 2030ರ ಲೆಕ್ಕಕ್ಕೆ ಅದನ್ನು ಸೇರಿಸುವಂತಿಲ್ಲ.

ಹೀಗಾಗಿ ನಮ್ಮ ಅಂದಾಜು ಇಷ್ಟು. ಏನೂ ಮಾಡದೆ ಶೇ. 7ರ ಇಳಿಕೆಗೆ ಬಿಟ್ಟರೆ ಹತ್ತು ವರ್ಷಕ್ಕೆ 2.87 ಕೋಟಿ ಟನ್ ಅರ್ಧವಾಗಿ 1.4 ಕೋಟಿಗೆ ಬರುತ್ತದೆ. ಅಷ್ಟು ಕೈಬಿಡುವವರು ಯಾರೂ ಇಲ್ಲ. ಮುಂಬಯಿ ಹೈನಲ್ಲಿ ಬಿಪಿ ಹೇಳಿದ್ದರಲ್ಲಿ ಅರ್ಧ ಬಂದು, ರಾಜಸ್ಥಾನ ಇನ್ನಷ್ಟು ಜಾರದೆ, ಅಸ್ಸಾಮಿನಲ್ಲಿ ಆಯಿಲ್ ಇಂಡಿಯಾ ಈಚಿನ ಸಣ್ಣ ಏರಿಕೆ ಉಳಿಸಿಕೊಂಡರೆ 2.6ರಿಂದ 3 ಕೋಟಿ ಟನ್ ನಡುವೆ ನಿಲ್ಲಬಹುದು. ಎಲ್ಲ ಕೈಗೂಡಿ 3.2 ಕೋಟಿಯೇ ಆಯಿತು ಅನ್ನಿ. ಬಳಕೆ ವರ್ಷಕ್ಕೆ ಶೇ. 3 ಬೆಳೆದರೆ ಹತ್ತು ವರ್ಷಕ್ಕೆ ಅದು 32 ಕೋಟಿ ಟನ್. ಅಂದರೆ ಎಲ್ಲ ಗೆದ್ದ ಮೇಲೂ ನೂರರಲ್ಲಿ ಹನ್ನೆರಡು ಇದ್ದದ್ದು ಹತ್ತಾಗುತ್ತದೆ. ನಿಮ್ಮ ಕ್ಯಾನಿನ ನಾಲ್ಕು ಲೀಟರು ಮೂರೂವರೆಗೆ ಬರುತ್ತದೆ. ಹಾಗಾದರೆ ಇಷ್ಟು ಕಷ್ಟ ಯಾಕೆ ಎಂದರೆ, ಬ್ಯಾರೆಲ್‌ಗೆ 70 ಡಾಲರ್ ದರದಲ್ಲಿ ನಾವೇ ತೆಗೆದ ಪ್ರತಿ ಹತ್ತು ಲಕ್ಷ ಟನ್ನೂ 51 ಕೋಟಿ ಡಾಲರ್ ಹೊರಹೋಗದಂತೆ ಉಳಿಸುತ್ತದೆ.

ಹಡಗು ತಡವಾದರೆ ಕೈಯಲ್ಲಿರುವುದು ದಾಸ್ತಾನು. ಇಲ್ಲಿ ನಮ್ಮ ಮುದಿ ಕಲ್ಲಿಗೆ ಒಂದು ಕೆಲಸ ಸಿಕ್ಕಿದೆ. ಉಡುಪಿ ಬಳಿಯ ಪಾದೂರಿನಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ, ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್ ಕಚ್ಚಾ ಎಣ್ಣೆ ಹಿಡಿಯುವ ಗುಹೆಗಳನ್ನು ಗಟ್ಟಿ ಕಲ್ಲಿನಲ್ಲಿ ಕೊರೆದಿದ್ದಾರೆ. ಗುಹೆಯೊಳಗೆ ಉಕ್ಕಿನ ತಗಡು ಹೊದಿಸಿಲ್ಲ. ಅಂತರ್ಜಲ ಮಟ್ಟಕ್ಕಿಂತ ಕೆಳಗೆ ಕೊರೆದಿರುವುದರಿಂದ ಬಿರುಕಿನ ನೀರು ಸುತ್ತಲಿಂದ ಒಳಕ್ಕೆ ಒತ್ತುತ್ತಿರುತ್ತದೆ, ಎಣ್ಣೆ ಹೊರಗೆ ಸೋರಲಾರದು. ಬೇಸಿಗೆಯಲ್ಲೂ ಆ ಒತ್ತಡ ಇಳಿಯದಿರಲಿ ಎಂದು ಗುಹೆಯ ಮೇಲೆ ಸಾಲಾಗಿ ತೂತು ಕೊರೆದು ನೀರು ಕುಡಿಸುತ್ತಾರೆ. ತಳಕ್ಕೆ ಇಳಿದ ನೀರನ್ನು ಪಂಪಿನಿಂದ ತೆಗೆಯುತ್ತಾರೆ. ಮೂರೂ ಗುಹೆ ತುಂಬಿದ್ದರೂ ಈಗಿನ ಆಮದಿನ ಲೆಕ್ಕಕ್ಕೆ ಎಂಟು ದಿನದ ಎಣ್ಣೆ. ಸಂಸ್ಕರಣಾಗಾರಗಳ ಟ್ಯಾಂಕು, ಡಿಪೋಗಳಲ್ಲಿರುವುದು ಇದಕ್ಕೆ ಹೊರತು.

ಸಭಿಕರ ಪ್ರಶ್ನೆಗಳಿಗೆ ಬರುತ್ತೇವೆ. ಬೆಳೆಗಾರರೊಬ್ಬರು ಕೇಳಿದ್ದು: "ನಮ್ಮ ದೇಶದಲ್ಲೇ ಎಣ್ಣೆ ಹೆಚ್ಚು ಸಿಕ್ಕರೆ ಡೀಸೆಲ್ ಅಗ್ಗ ಆಗುತ್ತಾ ಸಾರ್?" ಆಗುವುದಿಲ್ಲ. ದೇಶದೊಳಗಿನ ಕಚ್ಚಾ ಎಣ್ಣೆಯನ್ನೂ ಹೊರಗಿನ ದರಕ್ಕೆ ಹೊಂದಿಸಿಯೇ ಮಾರುತ್ತಾರೆ. ನೀವು ಕಾಫಿ ಮಾರುವಾಗ ಲಂಡನ್, ನ್ಯೂಯಾರ್ಕ್ ದರ ನೋಡುತ್ತೀರಲ್ಲ, ಹಾಗೆ. ಮೇಲೆ ಕೇಂದ್ರದ, ರಾಜ್ಯದ ತೆರಿಗೆ.

ಎಥೆನಾಲ್ ಬಗ್ಗೆ ವಿದ್ಯಾರ್ಥಿನಿಯೊಬ್ಬರು ಕೇಳಿದರು. ಶೇ. 20ರ ಮಿಶ್ರಣ ಪೆಟ್ರೋಲಿಗೆ ಮಾತ್ರ. ದೇಶದ ದೊಡ್ಡ ಖರ್ಚು ಡೀಸೆಲ್, ವರ್ಷಕ್ಕೆ 9 ಕೋಟಿ ಟನ್ ಹತ್ತಿರ. ಲಾರಿ, ಟ್ರ್ಯಾಕ್ಟರು, ನಿಮ್ಮ ತೋಟದ ಎಂಜಿನ್ನು ಅದಕ್ಕೆ ಸೇರಿದವು. ತೋಟದ ಪಂಪು ಕರೆಂಟಿಗೆ, ಸೋಲಾರಿಗೆ ಹೋದರೆ ಅಷ್ಟು ಡೀಸೆಲ್ ಉಳಿದೀತು. ಆದರೆ ಸ್ಪ್ರಿಂಕ್ಲರಿಗೆ ಬೇಕಾದ ಅಶ್ವಶಕ್ತಿಗೆ, ಅದೂ ವರ್ಷಕ್ಕೆ ಕೆಲವೇ ವಾರದ ಕೆಲಸಕ್ಕೆ, ಸೋಲಾರ್ ಹಾಕುವುದು ಸದ್ಯ ದುಬಾರಿ.

ಕೊನೆಯ ಪ್ರಶ್ನೆ ಚನ್ನರಾಯಪಟ್ಟಣ ಕಡೆಯವರದು. "ನಮ್ಮ ಬೋರ್ ನೀರಿನ ಮೇಲೆ ಎಣ್ಣೆ ಬಣ್ಣ ತೇಲುತ್ತೆ, ಕೆಳಗೆ ಏನಾದರೂ ಇರಬಹುದಾ?" ಸಭೆ ನಕ್ಕಿತು, ಆದರೆ ಪ್ರಶ್ನೆ ಸರಿಯಾದದ್ದೇ. ಬಕೆಟ್ಟಿನಲ್ಲಿ ನೀರು ಹಿಡಿದು ಅಲುಗಾಡದೆ ಬಿಟ್ಟು, ತೇಲುವ ಪೊರೆಯನ್ನು ಕಡ್ಡಿಯಿಂದ ಎಳೆಯಿರಿ. ಗಾಜಿನ ಚೂರಿನ ಹಾಗೆ ಒಡೆದು ಚೂರು ಚೂರಾಗಿಯೇ ನಿಂತರೆ ಅದು ಕಬ್ಬಿಣದ ಬ್ಯಾಕ್ಟೀರಿಯಾ ಕಟ್ಟಿದ ಪೊರೆ, ನಮ್ಮ ಕಡೆ ಮಾಮೂಲು. ಸುಳಿ ಸುತ್ತಿ ಮತ್ತೆ ಕೂಡಿಕೊಂಡರೆ ನಿಜವಾದ ಎಣ್ಣೆ. ಹೊಸ ಬೋರಾದರೆ ಹ್ಯಾಮರಿಗೆ ಹಾಕಿದ ಎಣ್ಣೆ ಇರಬಹುದು, ನಾಲ್ಕು ದಿನ ನೀರು ಹೊರಬಿಟ್ಟರೆ ಹೋಗುತ್ತದೆ. ಹಳೆಯದಾದರೆ ಎಣ್ಣೆ ತುಂಬಿದ ಮಾದರಿಯ ಸಬ್‌ಮರ್ಸಿಬಲ್ ಮೋಟಾರಿನ ಸೀಲ್ ಹೋಗಿರಬಹುದು, ಮೋಟಾರ್ ಎತ್ತಿಸಿ ನೋಡಿ. ಎರಡೂ ಅಲ್ಲದೆ ಪೆಟ್ರೋಲ್ ವಾಸನೆಯೇ ಹೊಡೆದು, ಹತ್ತಿರ ಬಂಕ್ ಇದ್ದರೆ, ನೆಲದೊಳಗಿನ ಟ್ಯಾಂಕು ಸೋರುತ್ತಿರಬಹುದು. ಆ ನೀರು ಕುಡಿಯಬೇಡಿ, ದನಕ್ಕೂ ಕೊಡಬೇಡಿ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆದು ಕೊಡಿ. ಅಲ್ಲಿಯ ತನಕ ಬೋರಿನ ಬಾಯಿ ಹತ್ತಿರ ಬೀಡಿ ಹಚ್ಚಬೇಡಿ.